ಆಗಸ್ಟ್‌ನಲ್ಲಿ ಶ್ರೀಲಂಕಾ: ಮಳೆ ಇಲ್ಲದ ಕಡೆ ಹುಡುಕಿಕೊಂಡು ಹೋದ ನನ್ನ ಅನುಭವ

ಆಗಸ್ಟ್‌ನಲ್ಲಿ ಶ್ರೀಲಂಕಾಕ್ಕೆ ಹೊರಟಿದ್ದೇವೆ ಎಂದಾಗ ಗೊತ್ತಿದ್ದವರೆಲ್ಲ ಕೇಳಿದ್ದು ಒಂದೇ: "ಅಲ್ಲಿ ಆಗ ಮಳೆಗಾಲ ಅಲ್ವಾ?" ಮಳೆಗಾಲ ಹೌದು. ಆದರೆ ದ್ವೀಪದ ಒಂದು ಬದಿಗೆ ಮಾತ್ರ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬರುವ ಮುಂಗಾರು ಕೊಲಂಬೊ, ಗಾಲೆ, ನುವಾರ ಎಲಿಯ ಕಡೆ ಸುರಿಯುತ್ತದೆ. ನಡುವಿನ ಬೆಟ್ಟಸಾಲು ಆ ಮೋಡಗಳನ್ನು ತಡೆಯುತ್ತದೆ. ಆಚೆ ಬದಿಯ ಟ್ರಿಂಕೋಮಲಿ, ಬಟ್ಟಿಕಲೋವ, ಅರುಗಂ ಬೇ, ಮೇಲಿನ ಅನುರಾಧಪುರ ಎಲ್ಲವೂ ಮಳೆ ನೆರಳಿನಲ್ಲಿ ಒಣಗಿರುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಾಳಿ ಈಶಾನ್ಯದಿಂದ ಬೀಸುತ್ತದೆ, ಆಗ ಎಲ್ಲ ತಿರುಗುಮುರುಗು.

ನಮ್ಮ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ರಜೆ ಸಿಗುವುದು ಆಗಸ್ಟ್‌ನಲ್ಲೇ. ತಿಂಗಳು ಬದಲಿಸುವ ಹಾಗಿರಲಿಲ್ಲ, ಆದ್ದರಿಂದ ಊರುಗಳನ್ನು ಬದಲಿಸಿದೆ.

ಮೊದಲು ಮಾಡಿದ ಕೆಲಸ, ನೋಡಬೇಕೆಂದಿದ್ದ ಪ್ರತಿಯೊಂದು ಊರಿನ ತಿಂಗಳವಾರು ಮಳೆಯ ಲೆಕ್ಕ ತೆಗೆದಿದ್ದು. ಇಡೀ ದೇಶದ ಸರಾಸರಿ ನೋಡಿದರೆ ಏನೂ ತಿಳಿಯುವುದಿಲ್ಲ. ಊರಿನ ಹೆಸರಿನ ಮುಂದೆ ಎರಡು ಅಂಕಿ ಬರೆದುಕೊಂಡೆ: ಆ ತಿಂಗಳಲ್ಲಿ ಎಷ್ಟು ಮಿಲಿಮೀಟರ್ ಮಳೆ, ಎಷ್ಟು ದಿನ ಮಳೆ. ತಿರುಗಾಡುವವರಿಗೆ ಎರಡನೆಯದೇ ಮುಖ್ಯ. ಸಂಜೆ ಒಂದು ಗಂಟೆ ಧೋ ಎಂದು ಸುರಿದು ನಿಂತರೆ ದಿನ ಕೆಡುವುದಿಲ್ಲ. ದಿನವಿಡೀ ಜಿಟಿಜಿಟಿ ಹಿಡಿದರೆ ರೂಮಿನಿಂದ ಹೊರಗೆ ಕಾಲಿಡಲು ಆಗುವುದಿಲ್ಲ. ಅಲ್ಲಿ ವರ್ಷಕ್ಕೆ 1,750 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವ ಭಾಗವನ್ನು ಒಣ ವಲಯ ಎನ್ನುತ್ತಾರೆ, 2,500ಕ್ಕಿಂತ ಜಾಸ್ತಿ ಬಿದ್ದರೆ ತೇವ ವಲಯ. ಒಣ ವಲಯದ ಮಳೆಯಲ್ಲಿ ಬಹುಪಾಲು ಅಕ್ಟೋಬರ್‌ನಿಂದ ಜನವರಿಯೊಳಗೆ ಬಂದು ಹೋಗುತ್ತದೆ. ಹಾಗಾಗಿ ಆಗಸ್ಟ್‌ನಲ್ಲಿ ಆ ಕಡೆ ಆಕಾಶವನ್ನು ನಂಬಿಕೊಂಡು ಹೊರಡಬಹುದು.

ಕಷ್ಟವಾಗಿದ್ದು ಪಟ್ಟಿಯಿಂದ ಹೆಸರು ಹೊಡೆದುಹಾಕುವುದು. ತಮ್ಮನಿಗೆ ಶ್ರೀಪಾದ ಹತ್ತುವ ಆಸೆ. "ಅಕ್ಕಾ, ಬರೀ ಮಳೆ ತಾನೇ, ರೇನ್‌ಕೋಟ್ ಹಾಕ್ಕೊಂಡು ಹತ್ತಿದರಾಯ್ತು ಬಿಡು" ಎಂದ. ಆ ಬೆಟ್ಟದ ಯಾತ್ರೆ ಶುರುವಾಗುವುದು ಡಿಸೆಂಬರ್ ಹುಣ್ಣಿಮೆಗೆ, ಮುಗಿಯುವುದು ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ, ಅಂದರೆ ಬುದ್ಧ ಪೂರ್ಣಿಮೆಗೆ. ಆಮೇಲೆ ಮೆಟ್ಟಿಲುದ್ದಕ್ಕೂ ಇರುವ ದೀಪ ಉರಿಯುವುದಿಲ್ಲ, ದಾರಿಯ ಟೀ ಅಂಗಡಿಗಳೂ ಮುಚ್ಚಿರುತ್ತವೆ. ರಾತ್ರಿ ಕತ್ತಲಲ್ಲಿ, ಗಾಳಿ ಮಳೆಯಲ್ಲಿ ಅಷ್ಟು ಮೆಟ್ಟಿಲು ಹತ್ತಿ ಮೇಲೆ ಬರೀ ಮಂಜು ನೋಡುವುದರಲ್ಲಿ ಅರ್ಥವಿಲ್ಲ ಎಂದು ನಾನು ಪಟ್ಟು ಹಿಡಿದೆ. ದಕ್ಷಿಣ ಕರಾವಳಿಯ ಗಾಲೆ, ಮಿರಿಸ್ಸ ಎರಡನ್ನೂ ಬಿಟ್ಟೆವು. ಮುಂಗಾರಿನಲ್ಲಿ ಆ ಕಡಲು ಒರಟು, ಈಜಲು ಅಪಾಯ. ಆದರೆ ಮಿರಿಸ್ಸದಲ್ಲಿ ಚಳಿಗಾಲಕ್ಕೆ ಕಾಣುವ ತಿಮಿಂಗಿಲಗಳು ಮೇ–ಆಗಸ್ಟ್ ಹೊತ್ತಿಗೆ ಟ್ರಿಂಕೋಮಲಿ ಕಡಲಲ್ಲಿ ಕಾಣುತ್ತವೆ. ಈ ಬದಿಯಲ್ಲಿ ಒಂದು ಬಿಟ್ಟರೆ ಆ ಬದಿಯಲ್ಲಿ ಅದಕ್ಕೆ ಸಾಟಿಯಾದದ್ದು ಏನಿದೆ ಎಂದು ಹುಡುಕುವುದು ನನಗೆ ಆಮೇಲೆ ಅಭ್ಯಾಸವೇ ಆಯಿತು.

ಒಣ ಕಾಲದಲ್ಲಿ ಹೋದವರಿಗೆ ಮಾತ್ರ ಸಿಗುವ ನೋಟಗಳೂ ಇವೆ. ನಾನು ಆಗಸ್ಟ್‌ಗೆ ಮನಸಾರೆ ಒಪ್ಪಿದ್ದು ಅದರಲ್ಲಿ ಒಂದಕ್ಕಾಗಿ. ಮಿನ್ನೇರಿಯ ಎಂಬುದು ಮಹಾಸೇನ ರಾಜ ಮೂರನೇ ಶತಮಾನದಲ್ಲಿ ಕಟ್ಟಿಸಿದ ದೊಡ್ಡ ಕೆರೆ. ಬಿಸಿಲು ಏರಿದಂತೆ ನೀರು ಹಿಂದೆ ಸರಿಯುತ್ತದೆ, ಕೆರೆಯಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡಲ್ಲಿ ನೀರೂ ಮೇವೂ ಕಡಿಮೆಯಾದ ಆ ಹೊತ್ತಿಗೆ ಆನೆಗಳೆಲ್ಲ ಅಲ್ಲಿಗೆ ಬರುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನೂರಾರು ಆನೆಗಳು ಒಂದೇ ಬಯಲಲ್ಲಿ ಸೇರುವುದುಂಟು.

ಇದರಲ್ಲೂ ಒಂದು ತೊಡಕಿದೆ. ಕೆಲವು ವರ್ಷ ವ್ಯವಸಾಯಕ್ಕೆಂದು ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಆಗ ಕೆರೆ ತುಂಬಿ ಹುಲ್ಲು ಮುಳುಗುತ್ತದೆ, ಆನೆಗಳು ಪಕ್ಕದ ಕೌಡುಲ್ಲಕ್ಕೋ ಹುರುಲು ಕಾಡಿಗೋ ಹೋಗಿಬಿಡುತ್ತವೆ. ಅದಕ್ಕೇ ನಾನು ಸಫಾರಿಯನ್ನು ಮುಂಗಡ ಬುಕ್ ಮಾಡಲಿಲ್ಲ. ಮೂರೂ ಕಾಡಿಗೆ ಹತ್ತಿರವಾದ ಹಬರಣದಲ್ಲಿ ರೂಮ್ ಹಿಡಿದೆ. ಮಧ್ಯಾಹ್ನ ಜೀಪಿನವರನ್ನು ಕೇಳಿದೆ, "ನಿನ್ನೆ ಸಂಜೆ ಆನೆ ಎಲ್ಲಿದ್ದವು?" ಅವರು ಕೌಡುಲ್ಲ ಎಂದರು, ಕೌಡುಲ್ಲಕ್ಕೇ ಹೋದೆವು. ಆನೆ ಬಯಲಿಗೆ ಬರುವುದು ಬಿಸಿಲು ಇಳಿದ ಮೇಲೆ, ಆದ್ದರಿಂದ ಬೆಳಗಿನ ಸಫಾರಿಗಿಂತ ಸಂಜೆಯದೇ ಮೇಲು.

ಜೀಪಿನ ಹತ್ತಿರವೇ ಒಂದು ಹೆಣ್ಣಾನೆ ಮೇಯುತ್ತಿತ್ತು. ಹುಲ್ಲು ತೀರಾ ಗಿಡ್ಡ, ಸೊಂಡಿಲಿಗೆ ಸಿಗುವಷ್ಟು ಉದ್ದವಿಲ್ಲ. ಮುಂಗಾಲಿನ ಉಗುರಿನಿಂದ ನೆಲವನ್ನು ಸರಕ್ ಸರಕ್ ಎಂದು ಕೆರೆದು, ಹುಲ್ಲನ್ನು ಒಂದು ಗುಡ್ಡೆ ಮಾಡಿ, ಸೊಂಡಿಲಿನಲ್ಲಿ ಹಿಡಿದೆತ್ತುತ್ತಿತ್ತು. ಎತ್ತಿದ್ದನ್ನು ನೇರ ಬಾಯಿಗೆ ಹಾಕಲಿಲ್ಲ. ಕಾಲಿಗೆ ಎರಡು ಸಲ ಬಡಿದು ಮಣ್ಣು ಉದುರಿಸಿ ಆಮೇಲೆ ತಿಂತು. ಅದರ ಮರಿಯೂ ಕಾಲಲ್ಲಿ ಕೆರೆಯಿತು, ಹುಲ್ಲು ಮಾತ್ರ ಏಳಲಿಲ್ಲ. ಅಮ್ಮ ಕ್ಯಾಮೆರಾ ಕೆಳಗಿಟ್ಟು, "ಸೊಪ್ಪು ಒದರಿ ಬಿಡಿಸಿದ ಹಾಗೇ ಮಾಡ್ತಿದೆ ನೋಡು" ಎಂದಳು. ಆ ಸಂಜೆ ನಾವು ಬೇರೇನೂ ಮಾತಾಡಲಿಲ್ಲ.

ಒಣ ಕಾಲ ಎಂದರೆ ಬಿಸಿಲೂ ಹೌದು. ಟ್ರಿಂಕೋಮಲಿಯಲ್ಲಿ ಆಗಸ್ಟ್ ಮಧ್ಯಾಹ್ನ 34, 35 ಡಿಗ್ರಿ ಮಾಮೂಲು. ಬೆಟ್ಟದ ಆಚೆ ಮಳೆ ಸುರಿಸಿ ಬರಿದಾದ ಗಾಳಿ ಈ ಬದಿಗೆ ಇಳಿಯುವಾಗ ಕಾದು ಬೀಸುತ್ತದೆ. ಕಚ್ಚಾನ್ ಗಾಳಿ ಎನ್ನುತ್ತಾರೆ. ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಗಂಟಲೂ ಒಣಗುತ್ತದೆ. ಹಾಗಾಗಿ ದಿನವನ್ನು ಎರಡು ಪಾಲು ಮಾಡಿದೆ. ಬೆಳಕು ಹರಿಯುವಾಗ ಹೊರಡುವುದು, ಹನ್ನೊಂದಕ್ಕೆ ವಾಪಸು, ನಾಲ್ಕರ ಮೇಲೆ ಮತ್ತೆ ಹೊರಗೆ. ನಡುವೆ ಊಟ, ನಿದ್ದೆ. ಒಂದು ದಿನಕ್ಕೆ ಒಂದೇ ದೊಡ್ಡ ಜಾಗ.

ಸಿಗಿರಿಯ ಬಂಡೆಗೆ ಸುಮಾರು 1,200 ಮೆಟ್ಟಿಲು. ಗೇಟು ತೆಗೆಯುವ ಹೊತ್ತಿಗೇ ಅಲ್ಲಿದ್ದರೆ ಬಿಸಿಲೇರುವ ಮೊದಲು ಇಳಿದುಬಿಡಬಹುದು. ಸಿಂಹದ ಪಾದಗಳ ಶಿಲ್ಪವಿರುವ ಹಂತದಲ್ಲಿ ಕಡಜದ ಹುಳುಗಳ ಕಾಟವುಂಟು. ಸದ್ದು ಮಾಡಬೇಡಿ ಎಂದು ಬೋರ್ಡ್ ಹಾಕಿದ್ದಾರೆ. ಅದನ್ನು ನಿಜವಾಗಿಯೂ ಪಾಲಿಸಿ. ಟಿಕೆಟ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೈಯಲ್ಲಿರಲಿ, ಸಾರ್ಕ್ ದೇಶದವರಿಗೆ ದರ ಕಡಿಮೆ.

ಅನುರಾಧಪುರಕ್ಕೆ ಕಾಲುಚೀಲ ತೆಗೆದುಕೊಂಡು ಹೋಗಿ. ಸುಮ್ನೆ ಹೇಳುತ್ತಿಲ್ಲ. ರುವನ್ವೆಲಿಸಾಯ ಸ್ತೂಪದ ಸುತ್ತ ಚಪ್ಪಲಿ, ಟೋಪಿ ಎರಡೂ ತೆಗೆಯಬೇಕು, ಅಲ್ಲಿನ ಕಲ್ಲು ಹಾಸು ಹತ್ತು ಗಂಟೆಗೇ ಕೆಂಡವಾಗಿರುತ್ತದೆ. ದಪ್ಪನೆ ಹತ್ತಿಯ ಕಾಲುಚೀಲ ಹಾಕಿಕೊಂಡು ಅಮ್ಮ ಆರಾಮಾಗಿ ಪ್ರದಕ್ಷಿಣೆ ಮುಗಿಸಿದಳು. ಪಕ್ಕದಲ್ಲೇ ಬರಿಗಾಲಲ್ಲಿ ಬಂದವರು ನೆರಳಿನಿಂದ ನೆರಳಿಗೆ ಓಡುತ್ತಿದ್ದರು. ಭುಜ, ಮಂಡಿ ಮುಚ್ಚುವ ತೆಳು ಬಟ್ಟೆ ಇದ್ದರೆ ಬಿಸಿಲಿಗೂ ಆಯಿತು, ಗುಡಿಗೂ ಆಯಿತು.

ಟ್ರಿಂಕೋಮಲಿಯ ಕಡಲು ಆ ತಿಂಗಳಲ್ಲಿ ಶಾಂತ. ನಿಲಾವೇಲಿ ದಡದಿಂದ ದೋಣಿಯಲ್ಲಿ ಪಿಜನ್ ದ್ವೀಪಕ್ಕೆ ಹೋದೆವು. 2003ರಿಂದ ಅದು ರಾಷ್ಟ್ರೀಯ ಉದ್ಯಾನ. ಹವಳದ ಮೇಲೆ ಕಾಲಿಡಬೇಡಿ, ಮುರಿದರೆ ಮತ್ತೆ ಬೆಳೆಯಲು ವರ್ಷಗಳು ಬೇಕು. ಸಂಜೆ ಕೋಣೇಶ್ವರ ದೇವಸ್ಥಾನಕ್ಕೆ ನಡೆದೇ ಹೋದೆವು. ಕೋಟೆಯ ಒಳಗಿನ ದಾರಿಯಲ್ಲಿ ಜಿಂಕೆಗಳು ಓಡಾಡಿಕೊಂಡಿರುತ್ತವೆ.

ಇನ್ನು ಬೆಟ್ಟದ ರೈಲು. ಕ್ಯಾಂಡಿಯಿಂದ ‘ಎಲ್ಲ’ ಎಂಬ ಊರಿಗೆ ಹೋಗುವ ದಾರಿ ಅರ್ಧ ತೇವದ ಬದಿಯಲ್ಲಿ, ಅರ್ಧ ಒಣ ಬದಿಯಲ್ಲಿ ಇದೆ. ನುವಾರ ಎಲಿಯಕ್ಕೆಂದು ನಡುವೆ ಇಳಿಯದೆ ಹಪುತಲೆವರೆಗೆ ನೇರ ಟಿಕೆಟ್ ತೆಗೆದದ್ದು ಇದಕ್ಕಾಗಿಯೇ. ನಾನುಓಯ ಎಂಬ ಸ್ಟೇಷನ್‌ನಲ್ಲಿ ಮಳೆ ಹನಿ ಒಳಗೆ ಬಂತೆಂದು ಎಲ್ಲರೂ ಕಿಟಕಿ ಮುಚ್ಚಿದರು. ಪಟ್ಟಿಪೊಲ ದಾಟಿತು. 1,891 ಮೀಟರ್ ಎತ್ತರದ ಅದೇ ಆ ದಾರಿಯ ಅತಿ ಎತ್ತರದ ಸ್ಟೇಷನ್. ಆಮೇಲೆ ಒಂದು ಸುರಂಗ. ಆಚೆ ಬಂದರೆ ಬಿಸಿಲು! ಕಣಿವೆ ತಳದವರೆಗೂ ನಿಚ್ಚಳ. ತಿಂಗಳುಗಟ್ಟಲೆ ಕಾಗದದ ಮೇಲೆ ನೋಡಿದ್ದ ಗೆರೆಯನ್ನು ಕಣ್ಣಾರೆ ದಾಟಿದ ಖುಷಿ ಹೇಳಲಾರೆ. ಈ ಊವಾ ಕಡೆಯ ಚಹಾಕ್ಕೆ ಒಳ್ಳೆಯ ಘಮ ಬರುವುದೂ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬೀಸುವ ಒಣಗಾಳಿಯಿಂದಲೇ. ಆಗಸ್ಟ್‌ನಲ್ಲಿ ಹೋದರೆ ಚಹಾ ಫ್ಯಾಕ್ಟರಿಗೆ ತಪ್ಪದೆ ಹೋಗಿ.

ರೈಲಿನ ಕಾಯ್ದಿರಿಸಿದ ಸೀಟು ಒಂದು ತಿಂಗಳ ಮೊದಲು ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ. ಕ್ಯಾಂಡಿಯ ಎಸಲ ಪೆರಹರ ಎಂಬ ಬೌದ್ಧ ಮೆರವಣಿಗೆಯ ಹಬ್ಬ ಜುಲೈ–ಆಗಸ್ಟ್‌ನಲ್ಲೇ ಬರುತ್ತದೆ, ಹುಣ್ಣಿಮೆಗೆ ತಕ್ಕಂತೆ ದಿನಾಂಕ ಬದಲಾಗುತ್ತದೆ. ನೋಡುವುದಾದರೆ ಮೊದಲು ಆ ದಿನಗಳಿಗೆ ರೂಮ್ ಹಿಡಿದು ಉಳಿದದ್ದನ್ನು ಸುತ್ತ ಹೊಂದಿಸಿ. ಬೇಡವೆಂದರೆ ಆ ದಿನಗಳಲ್ಲಿ ಕ್ಯಾಂಡಿಯ ತಂಟೆಗೇ ಹೋಗಬೇಡಿ. ಪ್ರತಿ ಹುಣ್ಣಿಮೆ ಸರ್ಕಾರಿ ರಜೆ, ಮದ್ಯ ಮಾರುವುದಿಲ್ಲ, ಬೌದ್ಧ ಕ್ಷೇತ್ರಗಳಲ್ಲಿ ಜನಜಂಗುಳಿ. ಯಾಲ ಕಾಡಿನ ಮೊದಲ ಬ್ಲಾಕ್ ಸಾಮಾನ್ಯವಾಗಿ ಸೆಪ್ಟೆಂಬರ್ ಶುರುವಿನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತದೆ. ಚಿರತೆ ನೋಡಬೇಕೆಂದು ಪ್ಲ್ಯಾನ್ ಮಾಡುವವರು ಇದನ್ನು ಮರೆಯಬಾರದು.

ವೀಸಾ ನಿಯಮ ಆಗಾಗ ಬದಲಾಗುತ್ತದೆ. ಹೊರಡುವ ಮೊದಲು ಸರ್ಕಾರದ ಅಧಿಕೃತ ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ವೆಬ್‌ಸೈಟನ್ನೇ ನೋಡಿ, ಏಜೆಂಟರ ಮಾತು ಸಾಲದು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾ ಮುಕ್ತ ಎಂದು ಘೋಷಿಸಿದೆ, ಆದರೆ ಡೆಂಗಿ ಇದೆ. ಮುಂಗಾರಿನ ಕಾಲದಲ್ಲಿ ಕೊಲಂಬೊ ಕಡೆ ಜಾಸ್ತಿ. ಸೊಳ್ಳೆಗೆ ಹಚ್ಚಿಕೊಳ್ಳುವ ಕ್ರೀಮ್, ಒಆರ್‌ಎಸ್ ಪೊಟ್ಟಣ ಬ್ಯಾಗಿನ ಮೇಲ್ಗಡೆಯೇ ಇರಲಿ.

ಡಿಸೆಂಬರ್‌ನಿಂದ ಮಾರ್ಚ್ ಒಳಗೆ ರಜೆ ಇರುವವರು ಇಡೀ ಪ್ಲ್ಯಾನನ್ನು ಮಗುಚಿ ಹಾಕಿ: ಗಾಲೆ, ಮಿರಿಸ್ಸ, ಶ್ರೀಪಾದ ಇರಲಿ, ಟ್ರಿಂಕೋಮಲಿ, ಅರುಗಂ ಬೇ ಬಿಡಿ. ತಮ್ಮ ಈಗಾಗಲೇ ಅದಕ್ಕೆ ರಜೆ ಕೂಡಿಹಾಕುತ್ತಿದ್ದಾನೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಗುಡುಗು ಮಳೆ ಎರಡೂ ಬದಿಗೆ ಬರುತ್ತದೆ, ಬೆಳಗಿನ ಹೊತ್ತು ತಿರುಗಾಡಬಹುದು. ಅಕ್ಟೋಬರ್, ನವೆಂಬರ್‌ನಲ್ಲಿ ಮಾತ್ರ ಒಣ ಬದಿ ಎಂಬುದೇ ಇರುವುದಿಲ್ಲ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೂ ಅದೇ ಹೊತ್ತಿಗೆ. ಆಗಲೇ ಹೋಗಬೇಕಾಗಿ ಬಂದರೆ ಕೊನೆಯ ದಿನದವರೆಗೂ ರದ್ದು ಮಾಡಬಹುದಾದ ರೂಮುಗಳನ್ನೇ ಬುಕ್ ಮಾಡಿ.