ಬಂದರು ಯೋಜನೆಗೆ ತಿಮಿಂಗಿಲಗಳ ಪರವಾಗಿ ತುಮಕೂರಿನಿಂದಲೇ ಆಕ್ಷೇಪಣೆ ಸಲ್ಲಿಸುವ ಬಗೆ

ಬಂದರಿನ ವಿಚಾರದಲ್ಲಿ ಮಾತಾಡುವ ಹಕ್ಕು ಕರಾವಳಿಯವರಿಗೆ ಮಾತ್ರ ಇದೆ ಎಂದು ಒಳನಾಡಿನವರಾದ ನಾವು ಸುಮ್ಮನಿದ್ದುಬಿಡುತ್ತೇವೆ. ಆದರೆ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯು, ಯೋಜನೆಯ ಜಿಲ್ಲೆಯಲ್ಲಿ ನಡೆಯುವ ಸಾರ್ವಜನಿಕ ಅಹವಾಲು ಸಭೆಯ ಜೊತೆಗೆ, ಯೋಜನೆಯ ಪರಿಸರ ಅಂಶಗಳ ಬಗ್ಗೆ ಕಾಳಜಿಗೆ ತಕ್ಕ ಕಾರಣವಿರುವ ಇತರರಿಂದಲೂ ಲಿಖಿತ ಅಭಿಪ್ರಾಯ ಪಡೆಯಬೇಕೆಂದು ಹೇಳುತ್ತದೆ. ತುಮಕೂರು ಬಳಿಯ ವಸಂತನರಸಾಪುರದ ಕೈಗಾರಿಕೆಗಳ ಸರಕೂ ಬಂದರುಗಳನ್ನು ಹಾದು ಹೋಗಿಬರುವುದರಿಂದ ಆ ಕಾರಣ ತುಮಕೂರಿನವರಿಗೂ ಇದೆ.

ಹಡಗಿನ ಪ್ರೊಪೆಲ್ಲರ್ ರಭಸದಿಂದ ತಿರುಗುವಾಗ ಅದರ ಅಲಗುಗಳ ಬಳಿ ನೀರಿನ ಒತ್ತಡ ಕುಸಿದು ಗುಳ್ಳೆಗಳು ಹುಟ್ಟಿ ಒಡೆಯುತ್ತವೆ; ಹಡಗಿನ ಸದ್ದಿನ ಬಹುಪಾಲು ಇದೇ. ನೀಲಿ ತಿಮಿಂಗಿಲ, ಹಂಪ್‌ಬ್ಯಾಕ್ ತಿಮಿಂಗಿಲಗಳು ಒಂದನ್ನೊಂದು ಕರೆಯುವ ತಗ್ಗು ದನಿಯನ್ನು ಅದು ಮುಚ್ಚಿಹಾಕುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರ ಇಳಿದಾಗ, ಅಲ್ಲಿನ ರೈಟ್ ಎಂಬ ಜಾತಿಯ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನಿನ ಅಂಶವೂ ಇಳಿದಿತ್ತು. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗಳು ಧ್ರುವದ ಕಡೆಗೆ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಇರುವ, ಅಳಿವಿನಂಚಿನ ಪ್ರತ್ಯೇಕ ಗುಂಪು. ಈ ಸದ್ದಿನಿಂದ ತಪ್ಪಿಸಿಕೊಳ್ಳಲು ಅವುಗಳಿಗೆ ಬೇರೆ ಕಡಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ತಿಮಿಂಗಿಲಗಳಿವೆ, ಮತ್ತು ಗಾಯಗೊಳಿಸುವುದೂ ಅದರ ಪ್ರಕಾರ ಬೇಟೆಯೇ. ಹಾಗಿದ್ದರೂ ಇಂಥ ಹಡಗಿನ ಸದ್ದಿನಿಂದಲೇ ಇಂಥ ತಿಮಿಂಗಿಲಕ್ಕೆ ಹಾನಿಯಾಯಿತೆಂದು ನ್ಯಾಯಾಲಯದಲ್ಲಿ ಸಾಧಿಸುವುದು ಬಹಳ ಕಷ್ಟ. ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ ಹಡಗಿನ ಸದ್ದು ತಗ್ಗಿಸಲು 2014ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಕಡ್ಡಾಯವಲ್ಲ. ಆದ್ದರಿಂದ ನಿಮ್ಮ ಶ್ರಮವನ್ನೆಲ್ಲ ಬಂದರಿಗೆ ಪರಿಸರ ಅನುಮತಿ ಸಿಗುವುದಕ್ಕೆ ಮೊದಲಿನ ಹಂತಕ್ಕೆ ಮೀಸಲಿಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ವರದಿಯ ಸಾರಾಂಶ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಕನ್ನಡದಲ್ಲೂ ದೊರೆಯಬೇಕು. ಸಾರಾಂಶಕ್ಕೆ ನಿಲ್ಲದೆ ಪೂರ್ಣ ವರದಿಯನ್ನು ಹಿಡಿದು, ಕಡಲ ಜೀವಿಗಳ ಮತ್ತು ಶಬ್ದದ ಅಧ್ಯಾಯಗಳೆರಡನ್ನೂ ಒಟ್ಟಿಗೆ ಓದಿ. ಶಬ್ದದ ಅಧ್ಯಾಯವು 2000ದ ಶಬ್ದ ಮಾಲಿನ್ಯ ನಿಯಮಗಳ ಮಿತಿಯನ್ನಷ್ಟೇ ತೋರಿಸಿ ಮುಗಿಸಿದ್ದರೆ, ನಿಮ್ಮ ಆಕ್ಷೇಪಣೆಯ ಮೊದಲ ಅಂಶ ಅದೇ ಆಗಲಿ: ಆ ನಿಯಮಗಳು ಗಾಳಿಯಲ್ಲಿನ ಸದ್ದಿಗೆ ಸಂಬಂಧಿಸಿದವು. ಗಾಳಿಯಲ್ಲಿ ಡೆಸಿಬೆಲ್ ಅಳೆಯುವ ಆಧಾರ 20 ಮೈಕ್ರೊಪಾಸ್ಕಲ್ ಒತ್ತಡ, ನೀರಿನಲ್ಲಿ 1 ಮೈಕ್ರೊಪಾಸ್ಕಲ್. ಆದ್ದರಿಂದ ಎರಡೂ ಸಂಖ್ಯೆಗಳನ್ನು ನೇರವಾಗಿ ಹೋಲಿಸುವಂತಿಲ್ಲ.

ನಂತರ ಬೇಡಿಕೆಗಳನ್ನು ಒಂದೊಂದಾಗಿ ಬರೆಯಿರಿ. ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ಇಳಿಸಿ ಬೇರೆ ಬೇರೆ ಋತುಗಳಲ್ಲಿ ಕಡಲಿನ ಈಗಿನ ಸದ್ದನ್ನು ಅಳೆದಿದ್ದಾರೆಯೇ, ಬಂದರು ಪೂರ್ಣಗೊಂಡ ಮೇಲೆ ವರ್ಷಕ್ಕೆ ಎಷ್ಟು ಹಡಗುಗಳು ಹೆಚ್ಚುತ್ತವೆ, ಕಡಲ ತಳಕ್ಕೆ ಕಂಬ ಬಡಿಯುವ ಮತ್ತು ಹೂಳೆತ್ತುವ ಕೆಲಸದ ಸದ್ದು ಎಷ್ಟು ದೂರ ಮುಟ್ಟುತ್ತದೆ ಎಂದು ಕೇಳಿ. ಕಂಬ ಬಡಿಯುವುದನ್ನು ಮೆಲ್ಲನೆ ಆರಂಭಿಸುವುದು, ಸುತ್ತ ಗಾಳಿಗುಳ್ಳೆಗಳ ಪರದೆ ಹಾಕುವುದು, ತಿಮಿಂಗಿಲ ಕಂಡರೆ ಕೆಲಸ ನಿಲ್ಲಿಸುವ ವೀಕ್ಷಕರನ್ನು ನೇಮಿಸುವುದು, ಬಂದರಿನ ಹಾದಿಯಲ್ಲಿ ಹಡಗುಗಳ ವೇಗಕ್ಕೆ ಮಿತಿ ಹಾಕುವುದು, ಇವುಗಳನ್ನು ಅನುಮತಿಯ ಷರತ್ತುಗಳಾಗಿ ಸೇರಿಸಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಕೆನಡಾದ ವ್ಯಾಂಕೂವರ್ ಬಂದರು 2017ರಿಂದ ಕಡಿಮೆ ಸದ್ದಿನ ಹಡಗುಗಳಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತಿರುವುದನ್ನು ನಿದರ್ಶನವಾಗಿ ಕೊಡಿ; ಷರತ್ತು ಅಸಾಧ್ಯವೆಂಬ ವಾದಕ್ಕೆ ಅದು ಉತ್ತರವಾಗುತ್ತದೆ.

ಈಗಾಗಲೇ ನಡೆಯುತ್ತಿರುವ ಬಂದರಾದರೆ, 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಅನುಮತಿ ಷರತ್ತುಗಳ ಪಾಲನಾ ವರದಿಯನ್ನು ಕೇಳಬಹುದು.

ಆಕ್ಷೇಪಣೆಯನ್ನು ಪ್ರಕಟಣೆಯಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿಯನ್ನೂ ಪ್ರತಿಯನ್ನೂ ಜೋಪಾನವಾಗಿಡಿ. ನಿಮ್ಮ ಅಂಶಗಳಿಗೆ ಉತ್ತರಿಸದೆ ಅನುಮತಿ ಕೊಟ್ಟರೆ, ಆದೇಶ ತಿಳಿದ ದಿನದಿಂದ 30 ದಿನಗಳೊಳಗೆ, ವಿಳಂಬಕ್ಕೆ ತಕ್ಕ ಕಾರಣವಿದ್ದರೆ ಇನ್ನೂ 60 ದಿನಗಳೊಳಗೆ, ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅದರ ನಂತರದ ಅರ್ಜಿಯನ್ನು ಪೀಠ ಸ್ವೀಕರಿಸುವುದಿಲ್ಲವಾದ್ದರಿಂದ, ಅಹವಾಲು ಸಭೆ ಮುಗಿದ ಕೂಡಲೇ ವಕೀಲರೊಬ್ಬರನ್ನು ಕಂಡು, ಪರಿಸರ ಅನುಮತಿಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಪರಿವೇಶ್ ಜಾಲತಾಣದಲ್ಲಿ ಯೋಜನೆಯ ಕಡತದ ಮೇಲೆ ಕಣ್ಣಿಟ್ಟಿರಿ.