ಬೆಲ್ಟ್ ಪರೀಕ್ಷೆಯ ಹಣದಲ್ಲಿ ಬಾಡಿಗೆ ಕಟ್ಟುವುದಿಲ್ಲ

ಮುಂಬೈನ ಮುಲುಂಡ್‌ನಲ್ಲಿ ಕರಾಟೆ ಕಲಿಸುತ್ತೇನೆ. ಸಂಜೆಯ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಹೋಟೆಲ್ ಕೆಲಸಗಾರರ, ವಾಚ್‌ಮನ್‌ಗಳ ಮಕ್ಕಳು. ಉಡುಪಿ ಕಡೆಯವರೂ ಇದ್ದಾರೆ, ಕಲಬುರಗಿ ಕಡೆಯವರೂ ಇದ್ದಾರೆ. ಅವರಿಂದ ತಿಂಗಳ ಶುಲ್ಕವಿಲ್ಲ. ಹಾಗಾದರೆ ಹಾಲ್‌ನ ಬಾಡಿಗೆ ಎಲ್ಲಿಂದ?

ಕರಾಟೆ ಶಾಲೆಗಳಲ್ಲಿ ತಿಂಗಳ ಶುಲ್ಕಕ್ಕಿಂತ ಬೆಲ್ಟ್ ಪರೀಕ್ಷೆಯಲ್ಲೇ ಹೆಚ್ಚು ಹಣ ಹುಟ್ಟುವುದುಂಟು. ಪರೀಕ್ಷಾ ಶುಲ್ಕ, ಸರ್ಟಿಫಿಕೇಟ್, ಡ್ರೆಸ್, ಹೊಸ ಬೆಲ್ಟ್ ಎಲ್ಲಕ್ಕೂ ಬೇರೆ ಬೇರೆ ವಸೂಲಿ. ಹಾಲ್‌ನ ಬಾಡಿಗೆ ಆ ಹಣವನ್ನೇ ನೆಚ್ಚಿಕೊಂಡಿತೆಂದರೆ ಯಾವ ಮಗುವನ್ನೂ ಅನುತ್ತೀರ್ಣಗೊಳಿಸಲು ಧೈರ್ಯ ಬರುವುದಿಲ್ಲ. ಜುಡೋದ ದರ್ಜೆ ಪದ್ಧತಿಯನ್ನು ಕರಾಟೆಗೆ ತಂದ ಜಪಾನಿನ ಕರಾಟೆ ಗುರು ಫುನಕೋಶಿ ಗಿಚಿನ್ 1924ರಲ್ಲಿ ಮೊದಲ ಕಪ್ಪು ಬೆಲ್ಟ್‌ಗಳನ್ನು ಕೊಟ್ಟದ್ದು ಕಲಿಕೆಯ ಮಟ್ಟ ಗುರುತಿಸಲು. ಅದು ಮಾರಾಟದ ಸರಕಾಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಮ್ಮಲ್ಲಿ ಬೆಲ್ಟ್‌ನ ಬೆಲೆ, ಮಾತೃಸಂಸ್ಥೆಗೆ ಕಟ್ಟಬೇಕಾದ ಸರ್ಟಿಫಿಕೇಟ್ ಶುಲ್ಕ ಇಷ್ಟನ್ನೇ ತೆಗೆದುಕೊಳ್ಳುತ್ತೇವೆ.

ಬಾಡಿಗೆ ಹುಟ್ಟುವುದು ನನ್ನ ಬೆಳಗಿನ ಖಾಸಗಿ ಪಾಠಗಳಿಂದ. ಹೌಸಿಂಗ್ ಸೊಸೈಟಿಗಳಲ್ಲಿ ಟೆರೇಸ್ ಮೇಲೆ ಕಲಿಸುತ್ತೇನೆ. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಕೆಳಗಿನ ಪಾರ್ಕಿಂಗ್ ಜಾಗವೇ ಗತಿ. ಸೊಸೈಟಿಯ ಕಮಿಟಿಯಿಂದ ಲಿಖಿತ ಒಪ್ಪಿಗೆ ಪಡೆಯದೆ ಆರಂಭಿಸುವುದಿಲ್ಲ. ಶಿಷ್ಯರಲ್ಲಿ ನಿವೃತ್ತರೂ ಇದ್ದಾರೆ. ಅವರ ಮಂಡಿಗೆ ನೋವಾಗದಂತೆ ನಿಲುವನ್ನು ಎತ್ತರದಲ್ಲೇ ಇಡಿಸುತ್ತೇನೆ, ಒದೆತ ಸೊಂಟದಿಂದ ಮೇಲೆ ಹೋಗಬೇಕಿಲ್ಲ. ಈ ಸಂಪಾದನೆ ನನ್ನ ಖಾತೆಗೆ ಬರುತ್ತದೆ, ಅದರ ತೆರಿಗೆ ನನ್ನದು. ಅದರಲ್ಲಿ ಒಂದು ಪಾಲನ್ನು ಚೆಕ್ ಮೂಲಕ ಸಂಜೆಯ ತರಗತಿ ನಡೆಸುವ ನಮ್ಮ ಸಂಸ್ಥೆಗೆ ದೇಣಿಗೆಯಾಗಿ ಕೊಟ್ಟು ರಸೀದಿ ಪಡೆಯುತ್ತೇನೆ. ಎರಡು ಲೆಕ್ಕ ಎಂದೂ ಬೆರೆಯಬಾರದು.

ಸಂಸ್ಥೆಯನ್ನು 1860ರ ಸೊಸೈಟಿ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ್ದೇವೆ. ಅದಕ್ಕೆ ಕನಿಷ್ಠ 7 ಜನ ಬೇಕು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸ (ಟ್ರಸ್ಟ್) ಕಾಯ್ದೆಯೂ ಅನ್ವಯಿಸುವುದರಿಂದ, ಇಂಥ ಸಂಸ್ಥೆಗಳ ಮೇಲೆ ನಿಗಾ ಇಡುವ ವರ್ಲಿಯ ಚಾರಿಟಿ ಕಮಿಷನರ್ ಕಚೇರಿಯ ನಂಟು ತಪ್ಪುವುದಿಲ್ಲ. ಪದಾಧಿಕಾರಿ ಬದಲಾದರೆ 90 ದಿನಗಳೊಳಗೆ ಅಲ್ಲಿಗೆ ವರದಿ ಸಲ್ಲಿಸಬೇಕು. ಊರಿನ ಹೋಟೆಲ್ ಮಾಲೀಕರು ಪ್ರೀತಿಯಿಂದ ನೋಟಿನ ಕಟ್ಟನ್ನೇ ಕೈಗಿಡಲು ಬರುತ್ತಾರೆ. 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲವೆಂದು ಹೇಳಿ ಚೆಕ್ ಕೇಳುತ್ತೇನೆ.

ಪರೀಕ್ಷೆಯ ಹಣದ ಹಂಗಿಲ್ಲದ್ದರಿಂದ ಏನಾಗುತ್ತದೆಂದು ಹೇಳಬೇಕು. ಕಟಾ ಎಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಸರಣಿ; ಹೇಆನ್ ಶೋದಾನ್ ಎಂಬ ಕಟಾದಲ್ಲಿ 21 ಚಲನೆಗಳಿವೆ. ಒಬ್ಬ ಹುಡುಗ ಪ್ರತಿ ತಿರುವಿನಲ್ಲೂ ಪಾದ ನೋಡಿಕೊಳ್ಳುತ್ತಿದ್ದ. ಹೊಡೆಯುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಸೆಳೆದುಕೊಳ್ಳದೆ ಗಾಳಿಯಲ್ಲೇ ಬಿಡುತ್ತಿದ್ದ. ಅವನಿಗೆ ಹಳದಿ ಬೆಲ್ಟ್ ಕೊಡಲಿಲ್ಲ. ತಾಯಿ ಬಂದು, "ಮಾಸ್ಟ್ರೇ, ಉಳಿದವರಿಗೆಲ್ಲ ಕೊಟ್ಟಿರಿ, ನನ್ನ ಮಗ ಏನು ಮಾಡಿದ?" ಎಂದರು. ಅವರನ್ನು ಎದುರಿಗೆ ಕೂರಿಸಿ, ಮೊದಲು ಬೆಲ್ಟ್ ಪಡೆದ ಹುಡುಗಿಯಿಂದ ಕಟಾ ಮಾಡಿಸಿದೆ, ಆಮೇಲೆ ಅವನಿಂದ. ನಡುವೆಯೇ ತಾಯಿ, "ತಲೆ ಎತ್ತೋ" ಎಂದು ಗದರಿದರು. ಮುಂದಿನ ಪರೀಕ್ಷೆಗೆ ಅವನಿಂದ ಶುಲ್ಕ ತೆಗೆದುಕೊಳ್ಳಲಿಲ್ಲ. ಮರುಪರೀಕ್ಷೆಗೆ ಹಣ ಕೇಳಬಾರದೆಂಬುದನ್ನು ಸಮಿತಿಯ ನಿರ್ಣಯದಲ್ಲೇ ಬರೆಸಿದ್ದೇನೆ.

ಈಗ ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಅವರಿಗೆ ರೈಲಿನ ಪಾಸ್ ಖರ್ಚು, ಸಣ್ಣ ಗೌರವಧನ ಸಂಸ್ಥೆಯಿಂದಲೇ ಹೋಗುತ್ತದೆ. ಸೇವೆಯ ಹೆಸರಿನಲ್ಲಿ ಅವರನ್ನು ಪುಕ್ಕಟೆ ದುಡಿಸಿಕೊಳ್ಳಲು ನನಗೆ ಮನಸ್ಸಿಲ್ಲ.