ಇಡೀ ಸೈಟನ್ನೇ ಗಂಟು ಕಟ್ಟಿಕೊಂಡು ಹೋದರು

ಚಿತ್ರದುರ್ಗದಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೋ ಇದೆ. ಮದುವೆ ಸೀಸನ್ ಇಲ್ಲದಾಗ ಕ್ಯಾಮೆರಾ ಹಿಡಿದು ಕೋಟೆ ಹತ್ತುವುದು ಹಳೇ ಚಟ. ಬಾಗಿಲು, ಬತೇರಿ, ಹೊಂಡ, ಚಂದ್ರವಳ್ಳಿಯ ಶಾಸನ ಅಂತ ತೆಗೆದ ಐನೂರರಷ್ಟು ಫೋಟೊ ಒಂದು ವೆಬ್‌ಸೈಟಿನಲ್ಲಿದ್ದವು. ಒಂದು ಬೆಳಿಗ್ಗೆ ತೆರೆದರೆ ಫೋಟೊಗಳ ಜಾಗದಲ್ಲಿ ಬರೀ 509 ಅನ್ನುವ ನಂಬರು. ಸೈಟಿಗೆ ಜಾಗ ಕೊಟ್ಟ ಹೋಸ್ಟಿಂಗ್‌ನವರು ತಿಂಗಳಿಗೆ ಕೊಟ್ಟಿದ್ದ 10 ಜಿಬಿ ಬ್ಯಾಂಡ್‌ವಿಡ್ತ್, ಅಂದರೆ ಸೈಟಿನಿಂದ ಹೊರಹೋಗಬಹುದಾದ ಡೇಟಾ, 9ನೇ ತಾರೀಖಿಗೇ ಖಾಲಿ.

ಸೈಟ್ ನೋಡಿಕೊಳ್ಳುವ ಸೀಪ್ಯಾನೆಲ್‌ನಿಂದ ಆಕ್ಸೆಸ್ ಲಾಗ್, ಅಂದರೆ ಯಾರು ಯಾವಾಗ ಬಂದರು ಅನ್ನುವ ದಾಖಲೆ, ಇಳಿಸಿಕೊಂಡು ನೋಡಿದೆ. ರಾತ್ರಿ ಎರಡರಿಂದ ನಾಲ್ಕೂವರೆವರೆಗೆ ಒಂದೇ ಐಪಿ, ಅಂದರೆ ಒಂದೇ ಇಂಟರ್ನೆಟ್ ವಿಳಾಸ. ಬಂದ ಸಾಫ್ಟ್‌ವೇರ್ ತನ್ನ ಹೆಸರು ಹೇಳಿಕೊಳ್ಳುವ ಯೂಸರ್ ಏಜೆಂಟ್ ಅನ್ನುವಲ್ಲಿ ಎಚ್‌ಟಿಟ್ರ್ಯಾಕ್ ಅಂತ ಹೆಸರು ಬೇರೆ. 1998ರಿಂದ ಇರುವ ಪುಕ್ಕಟೆ ಸಾಫ್ಟ್‌ವೇರ್ ಇದು. ಒಂದು ವಿಳಾಸ ಕೊಟ್ಟರೆ ಲಿಂಕಿನಿಂದ ಲಿಂಕಿಗೆ ಹೋಗಿ ಸೈಟನ್ನೆಲ್ಲ ಫೋಲ್ಡರಿಗೆ ತುಂಬಿಕೊಳ್ಳುತ್ತದೆ. ನಾನೋ ಒಂದೊಂದು ಫೋಟೊವನ್ನೂ 8 ಎಂಬಿ ಗಾತ್ರದಲ್ಲೇ ಹಾಕಿದ್ದೆ. ಒಂದು ಸಲ ಬಾಚಿದರೆ 4 ಜಿಬಿ. ಎರಡು ಸಲ ಬಾಚಿದ್ದರು. ಮುಂದಿನ ತಿಂಗಳು ಅದೇ ಫೋಟೊಗಳು ಒಬ್ಬ ಟೂರ್‌ನವರ ಸೈಟಿನಲ್ಲಿ ಕೂತಿದ್ದವು.

ಸಿಟ್ಟಿನಲ್ಲಿ ಮೊದಲು ಮಾಡಿದ್ದು ರೈಟ್ ಕ್ಲಿಕ್ ಬಂದ್. ಅಕ್ಷರ ಸೆಲೆಕ್ಟ್ ಆಗದಂತೆಯೂ ಮಾಡಿದೆ. ಎರಡೇ ದಿನಕ್ಕೆ ರಿಟೈರ್ಡ್ ಮೇಷ್ಟ್ರೊಬ್ಬರ ಫೋನ್. “ಏನಪ್ಪಾ, ಶಾಸನದ ಪಾಠ ಇಳಿಸ್ಕೊಳ್ಳೋಣ ಅಂದ್ರೆ ಆಗ್ತಿಲ್ವಲ್ಲ. ನನ್ನ ಮೌಸ್ ಕೆಟ್ಟಿದೆಯಾ?” ಇಲ್ಲ ಮೇಷ್ಟ್ರೇ, ನನ್ನ ತಲೆ ಕೆಟ್ಟಿತ್ತು ಅಂದೆ. ಬಾಚುವ ಯಂತ್ರಕ್ಕೆ ಮೌಸೇ ಇಲ್ಲ. ಅದು ಸರ್ವರಿನಿಂದ ನೇರ ಫೈಲ್ ಕೇಳುತ್ತದೆ. ಆವತ್ತೇ ಅದನ್ನು ಕಿತ್ತು ಹಾಕಿದೆ.

ಯಂತ್ರಗಳು ಎಲ್ಲಿಗೆ ಬರಬಾರದು ಅಂತ ಹೇಳುವ ರೋಬೋಟ್ಸ್ ಫೈಲ್ ಬರೆದೆ. ಅದು ‘ಚಪ್ಪಲಿ ಹೊರಗೆ ಬಿಡಿ’ ಅನ್ನುವ ಬೋರ್ಡಿನ ಹಾಗೆ. ಎಚ್‌ಟಿಟ್ರ್ಯಾಕ್ ತಾನಾಗಿ ಅದನ್ನು ಪಾಲಿಸುತ್ತದೆ, ಆದರೆ ಸೆಟ್ಟಿಂಗ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ಬೋರ್ಡೇ ಕಾಣದು. ಡಬ್ಲ್ಯುಗೆಟ್ ಅನ್ನುವ ಇನ್ನೊಂದು ಡೌನ್‌ಲೋಡ್ ಸಾಫ್ಟ್‌ವೇರ್ ಕೂಡ ಹಾಗೇ. ಆಮೇಲೆ ಸರ್ವರಿಗೆ ನಿಯಮ ಹೇಳುವ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಇಂಥ ಹೆಸರುಗಳಿಗೆಲ್ಲ 403 (‘ಪ್ರವೇಶವಿಲ್ಲ’) ಕೊಟ್ಟು ಬಾಗಿಲು ಹಾಕಿದೆ. ಎರಡು ವಾರ ನೆಮ್ಮದಿ. ನಂತರ ಕ್ರೋಮ್ ಬ್ರೌಸರ್ ಅಂತ ವೇಷ ಹಾಕಿಕೊಂಡು ಬಂದವು. ಹೆಸರು ಬದಲಿಸುವುದು ಅವಕ್ಕೆ ಒಂದು ಸಾಲಿನ ಕೆಲಸ.

ಆದರೆ ನಡಿಗೆ ಬದಲಿಸುವುದು ಅಷ್ಟು ಸುಲಭವಲ್ಲ, ಅಲ್ವಾ? ಮನುಷ್ಯ ಒಂದು ಪುಟ ತೆರೆದು ನೋಡುತ್ತಾನೆ, ಹಿಂದೆ ಹೋಗುತ್ತಾನೆ, ಟೀ ಕುಡಿಯುತ್ತಾನೆ. ಯಂತ್ರ ಸೆಕೆಂಡಿಗೆ ಹತ್ತು ಪುಟ ಕೇಳುತ್ತದೆ. ಮನುಷ್ಯನಷ್ಟೇ ನಿಧಾನ ಹೋದರೆ ಅದಕ್ಕೆ ಗಂಟೆಗಟ್ಟಲೆ ಬೇಕು. ಹಾಗಾಗಿ ಸ್ವಲ್ಪ ದುಡ್ಡು ಜಾಸ್ತಿಯಾದರೂ ಸಣ್ಣ ವಿಪಿಎಸ್ (ನನ್ನದೇ ಹಿಡಿತದ ಬಾಡಿಗೆ ಸರ್ವರ್) ತಗೊಂಡು, ಎಂಜಿನ್‌ಎಕ್ಸ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಹಾಕಿ, ಒಂದು ಐಪಿಗೆ ನಿಮಿಷಕ್ಕೆ 30 ಪುಟ ಅಂತ ಮಿತಿ ಇಟ್ಟೆ. ಮೀರಿದರೆ 429, ಅಂದರೆ ‘ತುಂಬಾ ಸಲ ಕೇಳಿದಿರಿ’ ಅನ್ನುವ ಉತ್ತರ. ಮೊದಲ ದಿನ ಎಡವಟ್ಟಾಯಿತು. ಮಿತಿಯನ್ನು ಫೋಟೊಗಳಿಗೂ ಸೇರಿಸಿಬಿಟ್ಟಿದ್ದೆ. ಒಂದು ಗ್ಯಾಲರಿ ಪುಟದಲ್ಲೇ ನಲವತ್ತು ಸಣ್ಣ ಫೋಟೊ ಇರುತ್ತವೆ. ಅರ್ಧ ಕೋಟೆ ಕಂಡಿತು, ಅರ್ಧ ಮಾಯ! ಪುಟಕ್ಕೊಂದು, ಫೋಟೊಗೊಂದು ಲೆಕ್ಕ ಬೇರೆ ಮಾಡಿದ ಮೇಲೆ ಸರಿಹೋಯಿತು.

ಇನ್ನೊಂದು ಬಲೆಯನ್ನೂ ಹಾಕಿದೆ. ಕಣ್ಣಿಗೆ ಕಾಣದ ಒಂದು ಲಿಂಕ್. ರೋಬೋಟ್ಸ್ ಫೈಲಿನಲ್ಲಿ ‘ಇಲ್ಲಿಗೆ ಬರಬೇಡಿ’ ಅಂತ ಬರೆದಿರುವುದರಿಂದ ಗೂಗಲ್‌ನಂಥವು ಬರುವುದಿಲ್ಲ. ಬೋರ್ಡ್ ಓದದೆ ನುಗ್ಗಿದ ಐಪಿಗೆ ಅಲ್ಲೇ ಪೆಟ್ಟು. ದುರ್ಗದವನಾಗಿ ಆ ಲಿಂಕ್ ಹೋಗುವ ಫೋಲ್ಡರಿಗೆ ‘ಕಿಂಡಿ’ ಅಂತಲ್ಲದೆ ಬೇರೆ ಹೆಸರು ಇಡಲು ಮನಸ್ಸು ಬರಲಿಲ್ಲ. ಆದರೆ ಶುರುವಿನಲ್ಲಿ ಸಿಕ್ಕ ಐಪಿಗಳನ್ನು ಕಾಯಂ ಬ್ಲಾಕ್ ಮಾಡುತ್ತಿದ್ದೆ. ತಮ್ಮ ಬಂದು “ಅಣ್ಣ, ಸ್ಟುಡಿಯೋ ವೈಫೈನಲ್ಲಿ ಸೈಟ್ ಬರುತ್ತೆ, ಮೊಬೈಲ್‌ನಲ್ಲಿ ಬರಲ್ಲ” ಅಂದ. ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಎಷ್ಟೋ ಗಿರಾಕಿಗಳಿಗೆ ಹಂಚಿರುತ್ತವೆ. ಒಬ್ಬನಿಗೆ ಹೊಡೆದ ಒನಕೆ ಸುತ್ತಲಿನವರಿಗೂ ಬಿದ್ದಿತ್ತು. ಈಗ ಬ್ಲಾಕ್ ಒಂದೇ ಗಂಟೆ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಮಾತ್ರ ಇವ್ಯಾವುವೂ ಅಲ್ಲ. ಬ್ರೌಸರಿಗೆ ಕಾಣುವುದನ್ನು ಕಾಪಿ ಮಾಡದಂತೆ ತಡೆಯಲು ಆಗುವುದೇ ಇಲ್ಲ. ಕೊನೆಗೆ ಸ್ಕ್ರೀನ್‌ಶಾಟ್ ಅಂತೂ ಇದ್ದೇ ಇದೆ. ಅದಕ್ಕೇ ದೊಡ್ಡ ಫೈಲುಗಳನ್ನು ಸರ್ವರಿನಿಂದಲೇ ತೆಗೆದೆ. ಸೈಟಿನಲ್ಲಿರುವುದು 1200 ಪಿಕ್ಸೆಲ್ಲಿನದು ಮಾತ್ರ. ಮೂಲೆಯಲ್ಲಿದ್ದ ವಾಟರ್‌ಮಾರ್ಕನ್ನು ಟೂರ್‌ನವರು ಕತ್ತರಿಸಿದ್ದರು. ಈಗ ಕಲ್ಲಿನ ಗೋಡೆಯ ಮೇಲೆಯೇ, ತೆಳುವಾಗಿ, ಹೆಸರು ಕೂರಿಸುತ್ತೇನೆ. ಕ್ಯಾಮೆರಾದಿಂದ ಬಂದ ಮೂಲ ರಾ ಫೈಲ್ ನನ್ನ ಹಾರ್ಡ್‌ಡಿಸ್ಕಿನಲ್ಲಿದೆ. ಟೂರ್‌ನವರ ಸೈಟಿಗೆ ಜಾಗ ಕೊಟ್ಟಿದ್ದ ಹೋಸ್ಟಿಂಗ್‌ನವರಿಗೆ ದೂರು ಬರೆದಾಗ ಅದೇ ಸಾಕ್ಷಿಯಾಯಿತು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕಿಗೆ ನೋಂದಣಿ ಬೇಕಿಲ್ಲ, ಫೋಟೊಗೆ ತೆಗೆದವನ ಜೀವಮಾನವಿಡೀ, ಅವನು ಹೋದ ಮೇಲೂ 60 ವರ್ಷ ರಕ್ಷಣೆ ಇದೆ. ಮಯೂರಶರ್ಮನ ಶಾಸನ ನನ್ನದಲ್ಲ ಬಿಡಿ, ಅದರ ಮೇಲೆ ಬಿದ್ದ ಬೆಳಗಿನ ಬಿಸಿಲನ್ನು ಕಾದು ತೆಗೆದ ಫೋಟೊ ನನ್ನದು. ನಾಲ್ಕನೇ ದಿನ ಅವು ಅಲ್ಲಿಂದ ಹೋದವು.

ಹೋದ ವರ್ಷ ಹೊಸದುರ್ಗದ ಕಡೆಯ ಹುಡುಗಿಯೊಬ್ಬಳು ಮೇಲ್ ಮಾಡಿದ್ದಳು. “ಸರ್, ನಮ್ಮೂರಲ್ಲಿ ನೆಟ್‌ವರ್ಕ್ ಸರಿ ಇಲ್ಲ. ಕಾಲೇಜು ಲ್ಯಾಬಲ್ಲಿ ಪ್ರಾಜೆಕ್ಟಿಗೆ ಅಂತ ನಿಮ್ಮ ಸೈಟ್ ಪೂರ್ತಿ ಸೇವ್ ಮಾಡ್ಕೊಳ್ಳೋಕೆ ಹೋದೆ, ಮಧ್ಯದಲ್ಲೇ ನಿಂತುಹೋಯ್ತು.” ಲಾಗ್ ತೆಗೆದು ನೋಡಿದೆ. ಹಿಂದಿನ ದಿನ ಕಿಂಡಿಯಲ್ಲಿ ಸಿಕ್ಕಿಬಿದ್ದವಳು ಅವಳೇ. ಸುಮ್ನೆ ಕೂತು ಫೋಟೊ, ಶಾಸನದ ಪಾಠ ಎಲ್ಲ ಸೇರಿಸಿ ಒಂದು ಜಿಪ್ ಫೈಲ್ ಮಾಡಿದೆ. 85 ಎಂಬಿ ಆಯಿತು. ಅವಳಿಗೆ ಕಳಿಸಿ, ಮುಖಪುಟದಲ್ಲೂ ಅದರ ಲಿಂಕ್ ಹಾಕಿದ್ದೇನೆ. 429 ಬಂದವರಿಗೆ ಕಾಣುವ ಪುಟದಲ್ಲೂ ಅದೇ ಲಿಂಕ್ ಇದೆ.